ಲಾಟರಿ: ಸೋತವರ ಜೇಬಿನ ಲೆಕ್ಕ
(ಶಿವಮೊಗ್ಗ ಮತ್ತು ಭದ್ರಾವತಿಯ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಲಾಟರಿ ಬಗ್ಗೆ ಮಾತಾಡ್ತೀವಿ ಅಂದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. 2007ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಲಾಟರಿಯೇ ಇಲ್ಲ, ಸತ್ತ ಹಾವನ್ನು ಯಾಕೆ ಹೊಡೀತೀರಿ ಅಂತ. ಹಾವು ಹುತ್ತ ಬದಲಾಯಿಸಿದೆ, ಅಷ್ಟೆ. ಅದರ ಗುಣ ತಿಳಿಯಬೇಕಾದರೆ ಹಳೇ ಹುತ್ತವನ್ನೇ ಅಗೆದು ನೋಡಬೇಕು.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯೂ ಕಾಗದದ ಕಾರ್ಖಾನೆಯೂ ಜೋರಾಗಿ ನಡೆಯುತ್ತಿದ್ದ ಕಾಲ. ಸಂಬಳದ ದಿನ ಲಾಟರಿ ಅಂಗಡಿ ಮುಂದೆ ಜನವೋ ಜನ. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲೂ ಅದೇ ಕೂಗು, ನಾಳೆ ಡ್ರಾ, ನಾಳೆ ಡ್ರಾ! ನಮ್ಮ ರಾಜ್ಯದ ಟಿಕೀಟು ಸಾಲದು ಅಂತ ಸಿಕ್ಕಿಂನದು, ಭೂತಾನದ್ದು. ಭೂತಾನ ಎಲ್ಲಿದೆ ಅಂತ ಗೊತ್ತಿಲ್ಲದ ನಮ್ಮ ಹಮಾಲರು, ಪೌರಕಾರ್ಮಿಕರು, ಗುತ್ತಿಗೆ ಕೂಲಿಯವರು ಆ ದೇಶದ ಬೊಕ್ಕಸಕ್ಕೂ ಕಾಸು ಕಟ್ಟಿದರು!

ಇದನ್ನು ಸರ್ಕಾರದ ಕೆಲಸವಾಗಿ ಮೊದಲು ಶುರು ಮಾಡಿದ್ದು 1967ರಲ್ಲಿ ಕೇರಳ. 1968ರ ಜನವರಿ 26ರಂದು ಮೊದಲ ಡ್ರಾ. ಟಿಕೀಟು 1 ರೂಪಾಯಿ, ಮೊದಲ ಬಹುಮಾನ 50 ಸಾವಿರ. ಆಮೇಲೆ ನಮ್ಮ ಮೈಸೂರು ರಾಜ್ಯವೂ ಅದೇ ದಾರಿ ಹಿಡಿಯಿತು.

ಇದು ನಡೆಯುವುದು ಹೇಗೆ? ಒಂದು ಉದಾಹರಣೆ ಲೆಕ್ಕ ಹಾಕೋಣ. 1 ರೂಪಾಯಿಯ 10 ಲಕ್ಷ ಟಿಕೀಟು ಮಾರಿದರು. ಬಂದದ್ದು 10 ಲಕ್ಷ. ಬಹುಮಾನಕ್ಕೆ 5 ಲಕ್ಷ ಇಟ್ಟರು. ಏಜೆಂಟರ ಕಮಿಷನ್, ಅಚ್ಚಿನ ಖರ್ಚು, ಜಾಹೀರಾತು ಸೇರಿ 3 ಲಕ್ಷ. ಸರ್ಕಾರಕ್ಕೆ 2 ಲಕ್ಷ. ಅಂದರೆ ಡ್ರಾ ಆಗುವ ಮೊದಲೇ ಆಡಿದವರೆಲ್ಲ ಸೇರಿ 5 ಲಕ್ಷ ಸೋತಾಗಿದೆ. ಉಳಿದ 5 ಲಕ್ಷ ಯಾರ ಕೈಗೆ ಅನ್ನುವುದಷ್ಟೇ ಡ್ರಾದಲ್ಲಿ ತೀರ್ಮಾನ. ಯಾವ ಮೋಸವೂ ಇಲ್ಲದೆ ನಡೆಸಿದರೂ ಲೆಕ್ಕ ಇದೇ.

ವಾರಕ್ಕೊಂದು ಟಿಕೀಟು ಕೊಂಡರೆ ವರ್ಷಕ್ಕೆ 52. 10 ಲಕ್ಷದಲ್ಲಿ ಒಬ್ಬನಿಗೆ ಬರುವ ಮೊದಲ ಬಹುಮಾನ ಸರಾಸರಿ ನಿಮಗೆ ಸಿಗಲು 19 ಸಾವಿರ ವರ್ಷ ಬೇಕು. ಒಂದೇ ನಂಬರಿನಲ್ಲಿ ತಪ್ಪಿಹೋಯ್ತು ಅಂತ ಕೊರಗುತ್ತಾರಲ್ಲ, ಒಂದು ನಂಬರು ತಪ್ಪಿದರೂ ಒಂದು ಲಕ್ಷ ನಂಬರು ತಪ್ಪಿದರೂ ಒಂದೇ. ಮುಂದಿನ ಡ್ರಾಗೆ ಹಿಂದಿನ ಡ್ರಾದ ನೆನಪೂ ಇಲ್ಲ, ಕನಿಕರವೂ ಇಲ್ಲ.

ನಮ್ಮವರು ದಡ್ಡರು ಅಂತ ಕೊಂಡರೇ? ಖಂಡಿತ ಅಲ್ಲ. ಜಮೀನಿಲ್ಲ, ಬ್ಯಾಂಕಿನವರು ಸಾಲ ಕೊಡೋಲ್ಲ, ಕೆಲಸ ಖಾಯಂ ಇಲ್ಲ. ಎಲ್ಲ ಬಾಗಿಲೂ ಮುಚ್ಚಿದವನಿಗೆ ಆ ಚೂರು ಕಾಗದವೇ ಬಾಗಿಲಿನ ಹಾಗೆ ಕಂಡಿತು. ಸಾಹುಕಾರನಿಗೂ ಕೂಲಿಯವನಿಗೂ ಟಿಕೀಟಿನ ಬೆಲೆ ಒಂದೇ. ಆದರೆ ಕೂಲಿಯವನು ಕೊಟ್ಟ ಆ ರೂಪಾಯಿ ಮಕ್ಕಳ ಅನ್ನದ್ದು.

ಲಾಟರಿ ಹಣ ಬಡವರಿಗೇ ಹೋಗುತ್ತಲ್ಲ ಅಂತ ವಾದ ಇದೆ. ಕೇರಳದಲ್ಲಿ ಬಡ ರೋಗಿಗಳ ಚಿಕಿತ್ಸೆಗೆಂದೇ ಕಾರುಣ್ಯ ಎಂಬ ಲಾಟರಿ ಇದೆ. ಚಿಕಿತ್ಸೆ ಸಿಕ್ಕವರಿಗೆ ಸಿಕ್ಕಿದೆ, ಅದನ್ನು ನಾವು ಅಲ್ಲಗಳೆಯೋದಿಲ್ಲ. ಆದರೆ ಆಸ್ಪತ್ರೆ, ಹಾಸ್ಟೆಲು, ಸ್ಕಾಲರ್‌ಶಿಪ್ಪು ನಮ್ಮ ಹಕ್ಕು. ಉಳ್ಳವರ ತೆರಿಗೆಯಿಂದ ಬರಬೇಕಾದ್ದು. ನಮ್ಮ ಅವ್ವನ ಕೂಲಿಯನ್ನೇ ಕಿತ್ತು ನಮಗೇ ಕೊಟ್ಟರೆ ಅದು ಯಾವ ಉಪಕಾರ?

ಕಾನೂನಿನ ವಿಷಯಕ್ಕೆ ಬರೋಣ. 1949ರಲ್ಲಿ ರಾಜ್ಯಾಂಗ ಸಭೆಯಲ್ಲಿ ಕೆಲವು ಸದಸ್ಯರು ಜೂಜು ಎಂಬ ಮಾತೇ ರಾಜ್ಯಗಳ ಪಟ್ಟಿಯಲ್ಲಿ ಬೇಡ ಎಂದರು. ಬಾಬಾಸಾಹೇಬರು ಒಪ್ಪಲಿಲ್ಲ. ಮಾತು ತೆಗೆದರೆ ಜೂಜು ನಿಲ್ಲದು, ಅದರ ಮೇಲೆ ಹಿಡಿತವೇ ಇಲ್ಲದಾಗುತ್ತದೆ, ಪಟ್ಟಿಯಲ್ಲಿದ್ದರೆ ರಾಜ್ಯ ಅದನ್ನು ನಿಷೇಧಿಸಲೂಬಹುದು ಎಂಬುದು ಅವರ ಉತ್ತರ. ಸರ್ಕಾರಗಳೇ ನಡೆಸುವ ಲಾಟರಿ ಮಾತ್ರ ಕೇಂದ್ರದ ಪಟ್ಟಿಗೆ ಸೇರಿತು. 1998ರಲ್ಲಿ ಕೇಂದ್ರ ಲಾಟರಿ ಕಾಯ್ದೆ ತಂದು ಒಂದಂಕಿ ಲಾಟರಿಯನ್ನು ನಿಷೇಧಿಸಿತು. 1999ರಲ್ಲಿ ಸುಪ್ರೀಂ ಕೋರ್ಟು, ಸರ್ಕಾರ ನಡೆಸಿದರೂ ಲಾಟರಿ ಜೂಜೇ ಎಂದಿತು. ಹೊರ ರಾಜ್ಯದ ಟಿಕೀಟು ತಡೆಯಬೇಕಾದರೆ ತನ್ನದನ್ನೂ ನಿಲ್ಲಿಸಬೇಕು ಎಂದಿತು. ಅದಕ್ಕೇ 2007ರಲ್ಲಿ ಕರ್ನಾಟಕ ತನ್ನದನ್ನೂ ಸೇರಿಸಿ ಎಲ್ಲ ಲಾಟರಿಗೂ ಬಾಗಿಲು ಹಾಕಬೇಕಾಯಿತು.

ಈಗ ಹೊಸ ಹುತ್ತ ನೋಡಿ. ನಮ್ಮೂರುಗಳಲ್ಲಿ ಓ.ಸಿ. ಚೀಟಿ, ಮಟ್ಕಾ. ಕ್ರಿಕೆಟ್ ಬಾಜಿ. ಫೋನಿನಲ್ಲಿ ರಮ್ಮಿ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಒಳ್ಳೇದೇ. ಆದರೆ ಕಾನೂನು ಹಾಸ್ಟೆಲ್ ರೂಮಿನೊಳಗೆ ರಾತ್ರಿ ಹನ್ನೊಂದಕ್ಕೆ ಬಂದು ಕೂರೋದಿಲ್ಲ. ಅಲ್ಲಿರೋದು ನಾವು ನೀವೇ.

ಆದ್ದರಿಂದ ಎರಡು ಕೆಲಸ ಮಾಡಿ. ಊರಿಗೆ ಹೋದಾಗ ಅಪ್ಪ, ಮಾವ, ಅಣ್ಣಂದಿರ ಜೊತೆ ಕೂತು ಈ ಲೆಕ್ಕವನ್ನು ಪೆನ್ಸಿಲಿನಲ್ಲಿ ಬರೆದು ತೋರಿಸಿ, ಬೈಯಬೇಡಿ. ಇಲ್ಲಿ ಯಾರಾದರೂ ಗೆಳೆಯ ಬಾಜಿಯ ಸಾಲಕ್ಕೆ ಬಿದ್ದಿದ್ದರೆ ಅವನನ್ನು ಜರಿಯಬೇಡಿ, ಒಂಟಿ ಮಾಡಬೇಡಿ. ಸಾಲಕ್ಕೆ ಹೆದರಿ ಒಬ್ಬ ಓದು ಬಿಟ್ಟು ಕೂಲಿಗೆ ಹೋದರೆ ಒಂದು ಕೇರಿ ಹತ್ತು ವರ್ಷ ಹಿಂದೆ ಹೋದ ಹಾಗೆ. ಅವನು ಪರೀಕ್ಷೆಗೆ ಕೂರುವ ಹಾಗೆ ನೋಡಿಕೊಳ್ಳಿ.