ಹಳೇ ಕಲ್ಲಿನ ಮನೆಯ ಗಿಲಾವು: ಸಾಲ ಎತ್ತುವ ಮೊದಲು

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮಳೆಗಾಲ ಮುಗಿದ ಮೇಲೆ ನಾವು ಯಾವ ಊರಿಗೆ ಹೋದರೂ ಒಂದು ಮಾತು ಕೇಳಿಬರುತ್ತದೆ: "ಸಿಸ್ಟರ್, ಗ್ವಾಡಿ ಗಿಲಾವು ಉದುರಾಕತ್ತೈತ್ರಿ, ಸಂಘದಾಗ ಸಾಲ ಬೇಕಾಗಿತ್ತು." ಇವತ್ತು ಅದರ ಬಗ್ಗೆಯೇ ಮಾತಾಡೋಣ.

ನಾವು ಕಂಡ ಒಂದು ಮನೆಯ ಕಥೆ ಹೇಳ್ತೀವಿ. ಮುತ್ತಜ್ಜನ ಕಾಲದ ಕಲ್ಲಿನ ಮನೆ, ಮಣ್ಣಿನಲ್ಲಿ ಕಟ್ಟಿದ್ದು. ಗಿಲಾವು ಅಲ್ಲಲ್ಲಿ ಉದುರಿತ್ತು. ಆ ಅಕ್ಕ ಸಂಘದಲ್ಲಿ ಸಾಲ ಎತ್ತಿ, ಗಟ್ಟಿಯಾಗಿರಲಿ ಅಂತ ಗೋಡೆಗೆಲ್ಲ ಸಿಮೆಂಟು ಹೊಡೆಸಿದರು. ಎರಡನೇ ಮಳೆಗಾಲಕ್ಕೆ ಅದು ಹಪ್ಪಳದ ಹಾಗೆ ಎದ್ದು ಬಿತ್ತು. ಸಾಲದ ಕಂತು ಮುಗಿದಿರಲಿಲ್ಲ, ಗಿಲಾವು ಮುಗಿದಿತ್ತು.

ಯಾಕೆ ಹೀಗಾಯಿತು? ಹಳೇ ಗೋಡೆಯ ಬುಡದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಗೋಡೆಗೆ ಏರುತ್ತದೆ. ಮಣ್ಣಿನ ಅಥವಾ ಸುಣ್ಣದ ಗಿಲಾವಿದ್ದರೆ ಆ ತೇವ ಸಣ್ಣ ಸಣ್ಣ ರಂಧ್ರಗಳಿಂದ ಆರಿ ಹೋಗುತ್ತದೆ. ಸಿಮೆಂಟು ಹೊಡೆದರೆ ಗೋಡೆಯ ಬಾಯಿ ಕಟ್ಟಿದಂತೆ. ನೀರು ಒಳಗೇ ನಿಂತು ಮಣ್ಣು ಮೆತ್ತಗಾಗುತ್ತದೆ. ನೀರಿನ ಜೊತೆ ಬಂದ ಉಪ್ಪು ಹರಳುಗಟ್ಟಿ ಗಿಲಾವನ್ನು ಹೊರಗೆ ತಳ್ಳುತ್ತದೆ. ನೀವು ಸವಳು ಅಂತೀರಲ್ಲ, ಅದೇ ಇದು.

ಸುಣ್ಣ ಗಟ್ಟಿಯಲ್ಲ ಅಂತ ಹೇಳುವವರಿದ್ದಾರೆ. ವಿಜಯಪುರದ ಗೋಳಗುಮ್ಮಟ ಮುಗಿದದ್ದು 1656ರಲ್ಲಿ. ಈಗಿನ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅಷ್ಟು ದೊಡ್ಡ ಗುಮ್ಮಟ ಸುಣ್ಣದ ಗಾರೆಯಲ್ಲೇ ನಿಂತಿದೆ ನೋಡ್ರಿ.

ಹಾಗಾದರೆ ಏನು ಮಾಡಬೇಕು?

ಮೊದಲು ನೀರು ಎಲ್ಲಿಂದ ಬರುತ್ತದೆ ನೋಡಿ. ಮಾಳಿಗೆ ಸೋರುತ್ತಿದೆಯೇ? ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲುತ್ತದೆಯೇ? ರಸ್ತೆ ಎತ್ತರವಾಗಿ ಹೊರಗಿನ ಮಣ್ಣು ಮನೆಯ ನೆಲಕ್ಕಿಂತ ಮೇಲೆ ಬಂದಿದೆಯೇ? ಇದನ್ನು ಸರಿ ಮಾಡದೆ ಯಾವ ಗಿಲಾವು ಹಾಕಿದರೂ ದುಡ್ಡು ನೀರಿಗೆ ಹಾಕಿದ ಹಾಗೆ. ಬುಡದ ಮಣ್ಣು ತೆಗೆದು ಗಟಾರು ಮಾಡಲು ಸಾಲ ಬೇಕಿಲ್ಲ, ಸಲಿಕೆ ಸಾಕು.

ಆಮೇಲೆ ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟಿ. ಡಬಡಬ ಅಂದಲ್ಲಿ ಗಿಲಾವು ಬಿಟ್ಟಿದೆ, ಅಷ್ಟನ್ನೇ ತೆಗೆಯಿರಿ. ಗಟ್ಟಿಯಿದ್ದದ್ದನ್ನು ಒಡೆಯಬೇಡಿ. ಕಲ್ಲಿನ ಸಂದಿಯ ಸಡಿಲ ಮಣ್ಣು ಕೆರೆದು, ಧೂಳು ಝಾಡಿಸಿ, ಗೋಡೆ ಒಣಗಲು ಬಿಡಿ. ಗೋಡೆ ಉಬ್ಬಿದ್ದರೆ, ಬಿರುಕು ದೊಡ್ಡದಾಗುತ್ತಿದ್ದರೆ, ಅದು ಗಿಲಾವಿನ ಕೆಲಸವಲ್ಲ. ಅನುಭವಿ ಗೌಂಡಿಯನ್ನು ಕರೆಸಿ ತೋರಿಸಿ.

ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಕನಿಷ್ಠ ಎರಡು ವಾರ ನೀರಿನಡಿ ಮುಚ್ಚಿಡಿ. ಹೆಚ್ಚು ದಿನ ಇಟ್ಟಷ್ಟೂ ಒಳ್ಳೆಯದು. ಒಂದು ಪುಟ್ಟಿ ಸುಣ್ಣಕ್ಕೆ ಮೂರು ಪುಟ್ಟಿ ತೊಳೆದ ಉಸುಕು ಹಾಕಿ ಚೆನ್ನಾಗಿ ತುಳಿದು ಕಲಸಿ. ಆಳದ ಕುಳಿಗಳಿಗೆ ಮೊದಲು ಇದೇ ಗಾರೆಯಲ್ಲಿ ಸಣ್ಣ ಕಲ್ಲು ಸೇರಿಸಿ ತುಂಬಿ. ಮತ್ತೆ ಗೋಡೆಗೆ ನೀರು ಚಿಮುಕಿಸಿ, ಅರ್ಧ ಇಂಚಿಗಿಂತ ದಪ್ಪವಾಗದ ಹಾಗೆ ಒಂದೊಂದೇ ಪದರ ಹಾಕಿ. ಕೆಳಗಿನ ಪದರ ಬಿಗಿಯಾಗದೆ ಮೇಲಿನದು ಬೇಡ. ಬಿಸಿಲಿಗೆ ಬೇಗ ಒಣಗಿದರೆ ಬಿರಿಯುತ್ತದೆ, ಅದಕ್ಕೆ ಕೆಲವು ದಿನ ಒದ್ದೆ ಗೋಣಿತಟ್ಟು ಇಳಿಬಿಡಿ. ಮಳೆ ನಿಂತು ಬೇಸಿಗೆ ಬರುವ ಮೊದಲಿನ ತಿಂಗಳು ಇದಕ್ಕೆ ಸರಿ. ಕೊನೆಗೆ ಸುಣ್ಣವನ್ನೇ ಬಳಿಯಿರಿ, ಆಯಿಲ್ ಪೇಂಟ್ ಬೇಡ.

ಒಂದು ಎಚ್ಚರಿಕೆ. ಸುಣ್ಣ ಅರಳುವಾಗ ಕುದಿಯುತ್ತದೆ, ಸಿಡಿಯುತ್ತದೆ. ಸ್ವಲ್ಪ ಸ್ವಲ್ಪವಾಗಿ ಸುಣ್ಣವನ್ನು ನೀರಿಗೆ ಹಾಕಿ, ಸುಣ್ಣದ ಮೇಲೆ ನೀರು ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ ಬೇಡ. ಕನ್ನಡಕ, ಕೈಗವಸು ಇರಲಿ. ಮಕ್ಕಳು ದೂರ ಇರಲಿ. ಕಣ್ಣಿಗೆ ಬಿದ್ದರೆ ಕೂಡಲೇ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಿ.

ಇದೆಲ್ಲ ಗಂಡಸರ ಕೆಲಸ ಅನ್ನಬೇಡಿ. ಗೌಂಡಿಗೆ ಉಸುಕು ಹೊತ್ತು, ಗಾರೆ ಕಲಸಿ ಕೊಡುವವರು ನೀವೇ ಅಲ್ಲವೇ? ಕೈಗೆ ಕರಣೆ ತೆಗೆದುಕೊಳ್ಳುವುದಷ್ಟೇ ಬಾಕಿ. ಮೊದಲು ಹಿತ್ತಲ ಗೋಡೆಯಲ್ಲಿ ಒಂದು ಮೊಳದಷ್ಟು ಹಾಕಿ ನೋಡಿ, ಕೈ ಕೂರುತ್ತದೆ.

ಮುಂದಿನ ವಾರದ ಸಭೆಯಲ್ಲಿ ಮನೆ ರಿಪೇರಿಯ ಅರ್ಜಿ ಬಂದರೆ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ: ನೀರು ಎಲ್ಲಿಂದ ಬರುತ್ತಿದೆ? ಗೋಡೆ ಯಾವುದರಲ್ಲಿ ಕಟ್ಟಿದ್ದು? ಗಿಲಾವು ಯಾವುದರದ್ದು? ಈ ಮೂರು ಪ್ರಶ್ನೆಯನ್ನು ಆ ಅಕ್ಕನಿಗೆ ಅಂದು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಅದಕ್ಕೇ ಇವತ್ತು ನಿಮ್ಮ ಮುಂದೆ ಇಷ್ಟು ಮಾತಾಡಿದೆವು.