ಪರಿಹಾರಬೋಧನೆಯೆಂಬ ವಿದ್ಯಾದಾಸೋಹ





ಮಹೋತ್ಸವದ ಕಾಲದಲ್ಲಿ ಹಿಂದೆ ನಡೆದ ಸತ್ಕಾರ್ಯಗಳನ್ನು ಸ್ಮರಿಸುವುದು ವಾಡಿಕೆಯಾಗಿರುವುದು. ಆದರೆ ಆ ಸ್ಮರಣೆಯು ಮುಂದೆ ನಡೆಯತಕ್ಕ ಕಾರ್ಯಕ್ಕೆ ಬೆಳಕಾದಾಗಲೇ ಸಾರ್ಥಕವಾಗುವುದು. ಆದುದರಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬೀ ಪ್ರಾಂತದ ಮಕ್ಕಳನ್ನು ಕುರಿತ ಒಂದು ಕೊರತೆಯನ್ನು ಈ ಶುಭಸಮಯದಲ್ಲಿ ವಿಚಾರಿಸುವುದು ಅಪ್ರಸ್ತುತವಾಗಲಾರದು. ಹೈಸ್ಕೂಲನ್ನು ಮುಗಿಸಿ ನೇರವಾಗಿ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಮೊದಲನೆಯ ವರ್ಷದಲ್ಲಿಯೇ ಎಡವಿ ಬೀಳುವರು. ಅವರ ಕೈಹಿಡಿದು ಎತ್ತುವುದಕ್ಕೆ ಪರಿಹಾರಬೋಧನೆಯೆಂಬ ಒಂದು ಉಪಾಯವುಂಟು. ಆ ಉಪಾಯದ ಸ್ವರೂಪವೇನು, ಹೇಗೆ ನಡೆಯಿಸಿದರೆ ಅದು ಫಲಿಸುವುದು, ಅದರಲ್ಲಿ ಮಠದ ಭಕ್ತರ ಪಾಲೆಷ್ಟು ಎಂಬ ಮೂರು ಮಾತುಗಳೇ ಈ ಉಪನ್ಯಾಸದ ವಿಷಯ.

ಈ ಪ್ರಾಂತಕ್ಕೆ ವಿದ್ಯೆಯು ಹೊಸತಲ್ಲ. ಚಿತ್ತಾಪುರದ ಮಗ್ಗುಲಿನ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಘನವಾದ ಘಟಿಕಾಸ್ಥಾನವೊಂದಿದ್ದಿತು. 1058ರ ಶಾಸನವು ಅಲ್ಲಿಯ ಉಪಾಧ್ಯಾಯರನ್ನೂ ವಿದ್ಯಾರ್ಥಿಗಳನ್ನೂ ಹೇಳುವುದಲ್ಲದೆ, ಗ್ರಂಥಗಳನ್ನು ಕಾಯುತ್ತಿದ್ದ ಆರು ಜನ ಸರಸ್ವತೀ ಭಂಡಾರಿಗರನ್ನೂ ಉಲ್ಲೇಖಿಸುವುದು. ವಿದ್ಯಾರ್ಥಿಗೆ ಗುರುವೂ ಗ್ರಂಥವೂ ಒಂದೇ ಎಡೆಯಲ್ಲಿ ದೊರೆಯಬೇಕೆಂಬುದನ್ನು ಆ ಕಾಲದವರು ಅರಿತಿದ್ದರು. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಕ್ರಮವಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ಪರಿಣತರಾದವರೆಂದು ಕನ್ನಡ ಜನರನ್ನು ಹೊಗಳಿರುವುದು. ಬುದ್ಧಿಯು ಬೇರೆ, ಓದುವ ಅವಕಾಶವು ಬೇರೆ ಎಂಬ ವಿವೇಕವು ಆ ಮಾತಿನಲ್ಲಿ ಅಡಗಿರುವುದು. ಮುಂದೆ ಹೇಳಬೇಕಾದುದಕ್ಕೆಲ್ಲ ಆ ವಿವೇಕವೇ ಆಧಾರವು.

ಕಾಲವು ಬದಲಾಯಿತು. ನಿಜಾಮರ ಸಂಸ್ಥಾನದಲ್ಲಿ ಆಡಳಿತವೂ ಉಚ್ಚಶಿಕ್ಷಣವೂ ಉರ್ದುವಿನಲ್ಲಿ ನಡೆಯುತ್ತಿದ್ದುವು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ದೇಶಭಾಷೆಯೊಂದರಲ್ಲಿ ಉಚ್ಚವಿದ್ಯೆಯನ್ನು ಕಲಿಸಬಹುದೆಂದು ತೋರಿಸಿಕೊಟ್ಟಿತು. ಆದರೂ ಮನೆಯಲ್ಲಿ ಕನ್ನಡವನ್ನಾಡುವ ಮಗುವಿಗೆ ಅದು ಪರಭಾಷೆಯೇ ಆಗಿದ್ದಿತು. ಅಂಥ ದಿನಗಳಲ್ಲಿ ಕಲಬುರ್ಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯವು ಹುಟ್ಟಿತು. ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪನವರು 1934ರಲ್ಲಿ ಹೆಣ್ಣುಮಕ್ಕಳಿಗೋಸ್ಕರ ಶಾಲೆಯನ್ನು ತೆರೆದರು. 1948ರ ಸೆಪ್ಟೆಂಬರ 17ರಂದು ಸಂಸ್ಥಾನದ ಆಳ್ವಿಕೆಯು ಕೊನೆಗಂಡಿತು. 1956ರ ನವೆಂಬರ 1ರಂದು ಈ ಭಾಗವು ಕನ್ನಡನಾಡಿನಲ್ಲಿ ಕೂಡಿತು. 1980ರಲ್ಲಿ ಕಲಬುರ್ಗಿಯಲ್ಲಿಯೇ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಹೀಗೆ ಬಾಗಿಲುಗಳು ಒಂದೊಂದಾಗಿ ತೆರೆದುವು.

ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಬಂದವನು ನಿಲ್ಲುವನೆಂಬ ಭರವಸೆಯಿಲ್ಲ. ಅಜ್ಜನು ಕನ್ನಡದಿಂದ ಉರ್ದುವಿಗೆ ಜಿಗಿಯಬೇಕಾಗಿದ್ದರೆ, ಮೊಮ್ಮಗನು ಕನ್ನಡದಿಂದ ಇಂಗ್ಲೀಷಿಗೆ ಜಿಗಿಯಬೇಕಾಗಿರುವುದು. ಹತ್ತನೆಯ ಇಯತ್ತೆಯವರೆಗೆ ಗಣಿತ ವಿಜ್ಞಾನಗಳನ್ನು ಕನ್ನಡದಲ್ಲಿ ಕಲಿತವನು ಪಿ.ಯು.ಸಿ. ವಿಜ್ಞಾನಶಾಖೆಯನ್ನು ಸೇರಿದೊಡನೆ ಪುಸ್ತಕವೂ ಪಾಠವೂ ಪರೀಕ್ಷೆಯೂ ಇಂಗ್ಲೀಷಿನಲ್ಲಿರುವುವು. ನಡುವೆ ಬೇಸಗೆಯ ಕೆಲವು ವಾರಗಳ ಹೊರತು ಬೇರೆ ಸೇತುವೆಯಿಲ್ಲ. ಚಿಂಚೋಳಿಯ ತಾಂಡಾಗಳ ಮಕ್ಕಳ ಮನೆಮಾತು ಲಂಬಾಣಿಯು; ಸೇಡಂ ಚಿಂಚೋಳಿಗಳ ಗಡಿಯ ಹಳ್ಳಿಗಳಲ್ಲಿ ತೆಲುಗು; ವಾಡಿ ಶಹಾಬಾದಗಳ ಎಷ್ಟೋ ಮನೆಗಳಲ್ಲಿ ಉರ್ದು. ಅವರಿಗೆ ಇದು ಎರಡನೆಯ ಜಿಗಿತವು. ಅಲ್ಲದೆ ಮನೆಯಲ್ಲಿ ಓದಿಸುವವರಿಲ್ಲದ ಮಕ್ಕಳೇ ಬಹಳ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ಪ್ರತಿಶತ 75 ಇದ್ದರೆ, ಕಲಬುರ್ಗಿ ಜಿಲ್ಲೆಯದು 65ನ್ನು ಮುಟ್ಟಿರಲಿಲ್ಲ. 2002ರಲ್ಲಿ ವರದಿಯನ್ನೊಪ್ಪಿಸಿದ ಡಾ. ನಂಜುಂಡಪ್ಪನವರ ಸಮಿತಿಯು ಅತ್ಯಂತ ಹಿಂದುಳಿದ 39 ತಾಲೂಕುಗಳನ್ನು ಎಣಿಸಿತು. ಅವುಗಳಲ್ಲಿ 21 ಕಲಬುರ್ಗಿ ವಿಭಾಗದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿದ್ದುವು.

ಈ ಅನ್ಯಾಯವನ್ನು ಸರಿಪಡಿಸಲೆಂದೇ 2012ರಲ್ಲಿ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ನೆಯ (ಜೆ) ವಿಧಿಯು ಬಂದಿತು. ಅದರ ಮೇರೆಗೆ ಈ ಭಾಗದ ಮಕ್ಕಳಿಗೆ ಕಾಲೇಜುಗಳಲ್ಲಿ ಸ್ಥಾನಗಳು ಮೀಸಲಾದುವು. ಇದು ಚಿರಸ್ಮರಣೀಯವಾದ ಉಪಕಾರವು. ಆದರೆ ಕಾನೂನು ಕುಳಿತುಕೊಳ್ಳಲು ಮಣೆಯನ್ನು ಕೊಡಬಲ್ಲುದು. ಎಲೆಗೆ ಬಡಿಸಿದುದನ್ನು ಜೀರ್ಣಿಸಿಕೊಳ್ಳುವ ಶಕ್ತಿಯನ್ನು ಅದು ಕೊಡಲಾರದು. ಸ್ಥಾನವು ದೊರೆತೂ ಪಾಠವು ತಿಳಿಯದೆ ಹಿಂದಿರುಗಿದ ಹುಡುಗನು ಫರಸಿ ಖಣಿಗೋ ದೂರದ ಪಟ್ಟಣದ ಕೂಲಿಗೋ ಹೋಗುವನು. ಹಿಂದಿರುಗಿದ ಹುಡುಗಿಗೆ ಆ ವರ್ಷವೇ ಮದುವೆಯ ಮಾತು ನಡೆಯುವುದು. ಒಂದು ವರ್ಷದ ಎಡವಿಕೆಯು ಒಂದು ಜೀವಮಾನದ ದಾರಿಯನ್ನೇ ತಿರುಗಿಸುವುದು.

ಇನ್ನು ಆ ಎಡವಿಕೆಯ ಕಾರಣವನ್ನು ನೋಡತಕ್ಕದ್ದು. ಹಿಂದೆ ಬಿದ್ದವರನ್ನೆಲ್ಲ ಮಂದಮತಿಗಳೆಂದು ಒಂದೇ ಹೆಸರಿನಿಂದ ಕರೆಯುವುದು ಲೋಕದ ರೂಢಿಯು. ವಾಸ್ತವದಲ್ಲಿ ಕೊರತೆಯು ಎರಡು ಬಗೆಯಾಗಿರುವುದು. ಶಹಾಬಾದ ಕಲ್ಲಿನ ಸೀಮೆಯ ಒಬ್ಬ ಹುಡುಗನನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲವಾದ ಪಡಸಾಲೆಗೆ ಎರಡು ಅಡಿ ಚೌಕದ ಫರಸಿಗಳು ಎಷ್ಟು ಬೇಕೆಂದು ಕೇಳಿದರೆ, ಕಾಗದವಿಲ್ಲದೆ ಅರುವತ್ತು ಎಂದು ಹೇಳುವನು. ತಂದೆಯ ಕೂಡ ಖಣಿಗೆ ಹೋಗಿ ಬಂದವನಿಗೆ ಅದು ಕರತಲಾಮಲಕವು. ಅದೇ ಲೆಕ್ಕವನ್ನು ಇಂಗ್ಲೀಷಿನಲ್ಲಿ ಬರೆದು ಮುಂದಿಟ್ಟರೆ ಸುಮ್ಮನೆ ಕೂಡುವನು. ಇವನಿಗೆ ಗಣಿತವು ಬಾರದೆಂದು ಹೇಳಿದರೆ ಅದು ಸುಳ್ಳು. ಇವನಿಗಿರುವುದು ಮಾತಿನ ಕೊರತೆಯು. ಅವನ ಪಕ್ಕದಲ್ಲಿ ಕುಳಿತ ಇನ್ನೊಬ್ಬನಿಗೆ ಅದೇ ಲೆಕ್ಕವನ್ನು ಕನ್ನಡದಲ್ಲಿಯೇ ಕೇಳಿ, ಫರಸಿಯ ಅಳತೆಯನ್ನು ಒಂದೂವರೆ ಅಡಿಗೆ ಎರಡು ಅಡಿ ಎಂದು ಬದಲಿಸಿದರೆ, ಒಂದೂವರೆಯನ್ನು ಎರಡರಿಂದ ಗುಣಿಸುವುದು ಹೇಗೆಂದು ತಿಳಿಯದೆ ನಿಲ್ಲುವನು. ಎಂಬತ್ತು ಎಂಬ ಉತ್ತರವು ಅವನಿಗೆ ದೊರೆಯದು. ಅವನಿಗೆ ಭಿನ್ನರಾಶಿಯು ಕೆಳಗಿನ ಇಯತ್ತೆಯಲ್ಲಿಯೇ ತಪ್ಪಿಹೋಗಿರುವುದು. ಅವನದು ತಳಹದಿಯ ಕೊರತೆಯು.

ಮೊದಲನೆಯವನಿಗೆ ಭಿನ್ನರಾಶಿಯನ್ನು ಮತ್ತೆ ಕಲಿಸಿದರೆ ಬೇಸರವು. ಎರಡನೆಯವನಿಗೆ ಇಂಗ್ಲೀಷಿನ ಶಬ್ದಗಳನ್ನು ಬಾಯಿಪಾಠ ಮಾಡಿಸಿದರೆ ವ್ಯರ್ಥವು. ನಾಡಿಯನ್ನು ನೋಡದೆ ಮದ್ದು ಕೊಡುವ ವೈದ್ಯನಂತೆ, ಕೊರತೆಯನ್ನು ಗುರುತಿಸದೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ ಅದೇ ಪಾಠವನ್ನು ಎರಡನೆಯ ಸಲ ಹೇಳುವುದು ಪರಿಹಾರಬೋಧನೆಯಲ್ಲ. ಅದು ಕೇವಲ ಪುನರುಕ್ತಿಯು.

ಆದುದರಿಂದ ಪರಿಹಾರಬೋಧನೆಯ ಮೊದಲನೆಯ ಅಂಗವು ಪರೀಕ್ಷಣೆಯು. ಕಾಲೇಜು ತೆರೆದ ಮೊದಲನೆಯ ವಾರದಲ್ಲಿಯೇ ಕೆಲವು ಪ್ರಶ್ನೆಗಳನ್ನು ಕನ್ನಡದಲ್ಲಿಯೂ ಅವುಗಳನ್ನೇ ಇಂಗ್ಲೀಷಿನಲ್ಲಿಯೂ ಕೊಟ್ಟು ನೋಡತಕ್ಕದ್ದು. ಕನ್ನಡದಲ್ಲಿ ಬಿಡಿಸಿ ಇಂಗ್ಲೀಷಿನಲ್ಲಿ ಬಿಟ್ಟವರು ಒಂದು ಗುಂಪು. ಎರಡರಲ್ಲಿಯೂ ಬಿಟ್ಟವರು ಇನ್ನೊಂದು ಗುಂಪು. ಈ ಪರೀಕ್ಷೆಗೆ ಅಂಕಗಳನ್ನು ಹಚ್ಚಬಾರದು, ಗೋಡೆಗೆ ಪಟ್ಟಿಯನ್ನು ಅಂಟಿಸಬಾರದು. ಎರಡನೆಯ ಅಂಗವು ಬೋಧನೆಯು. ಮಾತಿನ ಕೊರತೆಯುಳ್ಳವರಿಗೆ ಅವರು ಬಲ್ಲ ಶಬ್ದದಿಂದಲೇ ಪ್ರಾರಂಭಿಸಬೇಕು. ಹೈಸ್ಕೂಲಿನಲ್ಲಿ ಅವರು ಜವ, ವೇಗ, ವೇಗೋತ್ಕರ್ಷ ಎಂಬ ಮೂರನ್ನೂ ಬೇರ್ಪಡಿಸಿ ಕಲಿತಿರುವರು. ಸ್ಪೀಡು, ವೆಲಾಸಿಟಿ, ಎಕ್ಸಲರೇಷನ್ನು ಎಂಬವು ಅವುಗಳದೇ ಬೇರೆ ಹೆಸರುಗಳೆಂದು ತಿಳಿದೊಡನೆ ಭಯವು ಅರ್ಧ ಓಡಿಹೋಗುವುದು. ಬಳಿಕ ಸಣ್ಣ ಸಣ್ಣ ವಾಕ್ಯಗಳನ್ನು ಅವರಿಂದಲೇ ಬರೆಯಿಸಬೇಕು. ತಳಹದಿಯ ಕೊರತೆಯುಳ್ಳವರಿಗೆ ಭಿನ್ನರಾಶಿ, ಋಣಚಿಹ್ನೆ, ಸಮೀಕರಣ ಈ ಕ್ರಮದಲ್ಲಿ ಕನ್ನಡದಲ್ಲಿಯೇ ಕಲಿಸಿ, ಗಟ್ಟಿಯಾದ ಮೇಲೆ ಇಂಗ್ಲೀಷಿಗೆ ತರಬೇಕು. ಮೂರನೆಯ ಅಂಗವು ಕಾಲವು. ಪರೀಕ್ಷೆಯು ಸಮೀಪಿಸಿದಾಗ ನಡೆಯುವ ತರಗತಿಯು ಮನೆ ಸುಟ್ಟ ಮೇಲೆ ತೋಡಿದ ಬಾವಿಯಂತೆ. ಮೊದಲನೆಯ ತಿಂಗಳಲ್ಲಿಯೇ ದಿನಕ್ಕೊಂದು ತಾಸಿನಂತೆ ಅದು ಆರಂಭವಾಗಬೇಕು. ಹಳ್ಳಿಯಿಂದ ಬಸ್ಸಿನಲ್ಲಿಯೂ ರೈಲಿನಲ್ಲಿಯೂ ಬರುವವರಿಗೆ ಸಂಜೆಯ ತರಗತಿಯು ದೊರೆಯದು. ತೊಗರಿಯ ರಾಶಿಯ ದಿನಗಳಲ್ಲಿ ಎಷ್ಟೋ ಮಕ್ಕಳು ಹೊಲದಲ್ಲಿರುವರು. ಈ ಅನುಕೂಲ ಪ್ರತಿಕೂಲಗಳನ್ನು ನೋಡಿ ವೇಳೆಯನ್ನು ಗೊತ್ತುಪಡಿಸತಕ್ಕದ್ದು.

ಈ ಕಾರ್ಯವು ಹೊಸತೇನಲ್ಲ. ಕನ್ನಡ ಶಾಲೆಗಳಲ್ಲಿ ವರ್ಷಾರಂಭಕ್ಕೆ ಸೇತುಬಂಧವೆಂಬ ಪಾಠಕ್ರಮವುಂಟು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2007ರಿಂದ 2012ರವರೆಗಿನ ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯಲ್ಲಿ ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು ಇವರಿಗೋಸ್ಕರ ಪರಿಹಾರಬೋಧನೆಗೆ ಧನಸಹಾಯವನ್ನು ಕೊಟ್ಟಿತು. ದೂರದ ಅಮೇರಿಕೆಯಲ್ಲಿಯೂ ಇದಕ್ಕೆ ದೃಷ್ಟಾಂತವಿರುವುದು. ಜಗತ್ಪ್ರಸಿದ್ಧವಾದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ 1849ರಲ್ಲಿ ನಡೆದ ಮೊಟ್ಟಮೊದಲನೆಯ ತರಗತಿಯು ಉಚ್ಚವಿದ್ಯೆಯದಾಗಿರಲಿಲ್ಲ. ಅದಕ್ಕೆ ಹುಡುಗರನ್ನು ಅಣಿಗೊಳಿಸುವ ಪೂರ್ವಸಿದ್ಧತೆಯ ತರಗತಿಯಾಗಿದ್ದಿತು. ಸಿದ್ಧರಾಗಿ ಬನ್ನಿರೆಂದು ಬಾಗಿಲಲ್ಲಿ ತಡೆಯದೆ, ಬಂದವರನ್ನು ಸಿದ್ಧಗೊಳಿಸುವುದರಿಂದಲೇ ಆ ಸಂಸ್ಥೆಯು ಕಾರ್ಯಾರಂಭ ಮಾಡಿತು.

ಇಲ್ಲಿ ಎರಡು ಆಕ್ಷೇಪಗಳು ಬರುವುದುಂಟು. ಹೈಸ್ಕೂಲಿನಲ್ಲಿ ಕಲಿಯಬೇಕಾದುದನ್ನು ಕಾಲೇಜು ಏಕೆ ಕಲಿಸಬೇಕೆಂಬುದು ಒಂದು. ತಪ್ಪು ಎಲ್ಲಿಯದೆಂಬ ವಿಚಾರವು ಯೋಗ್ಯವೇ, ಶಾಲೆಗಳು ಸುಧಾರಿಸಲೇಬೇಕು. 2025ರ ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡದಲ್ಲಿ ಪ್ರತಿಶತ 91ರಷ್ಟು ಮಕ್ಕಳು ತೇರ್ಗಡೆಯಾದಾಗ ಕಲಬುರ್ಗಿ ಜಿಲ್ಲೆಯಲ್ಲಿ 42ರಷ್ಟು ಮಾತ್ರ ತೇರ್ಗಡೆಯಾದುದು ಯಾರೂ ಮರೆಯತಕ್ಕ ಮಾತಲ್ಲ. ಆದರೆ ಶಾಲೆಗಳು ಸುಧಾರಿಸುವವರೆಗೆ ಇಂದಿನ ಮಗುವು ಕಾದು ನಿಲ್ಲಲಾರದು. ಅದರ ವಯಸ್ಸು ನಿಲ್ಲದು. ಇದರಿಂದ ಕಾಲೇಜಿನ ಮಟ್ಟವು ಇಳಿಯುವುದೆಂಬುದು ಎರಡನೆಯ ಆಕ್ಷೇಪವು. ಮಟ್ಟವು ಇಳಿಯುವುದು ಪರೀಕ್ಷೆಯನ್ನು ಸುಲಭ ಮಾಡಿದರೆ. ಮೆಟ್ಟಿಲನ್ನು ಕಟ್ಟಿದರೆ ಅಟ್ಟವು ಕೆಳಗಿಳಿಯುವುದಿಲ್ಲ, ಏರುವವರ ಸಂಖ್ಯೆಯು ಮಾತ್ರ ಹೆಚ್ಚುವುದು.

ಇವೆರಡಕ್ಕಿಂತಲೂ ದೊಡ್ಡದಾದ ಅಡ್ಡಿಯು ನಾಚಿಕೆಯು. ಪರಿಹಾರದ ತರಗತಿಗೆ ಹೋಗುವವನನ್ನು ದಡ್ಡನೆಂದು ಸಂಗಡಿಗರು ನಗುವರೆಂಬ ಭಯದಿಂದ ಅವಶ್ಯಕತೆಯುಳ್ಳವನೇ ಹಿಂದೆಗೆಯುವನು. ಈ ರೋಗಕ್ಕೆ ಶರಣಧರ್ಮದಲ್ಲಿ ಮದ್ದುಂಟು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗ ಚೌಡಯ್ಯನೂ ಮಡಿವಾಳ ಮಾಚಯ್ಯನೂ ಕಟ್ಟಿಗೆ ಮಾರುವ ಮೋಳಿಗೆ ಮಾರಯ್ಯನೂ ಜ್ಞಾನಿಗಳ ಸಮಾನ ಪಂಕ್ತಿಯಲ್ಲಿ ಕುಳಿತರು. ಅವರ ಕುಲವನ್ನಾಗಲಿ ಹಿಂದಿನ ಓದನ್ನಾಗಲಿ ಯಾರೂ ಅಳೆಯಲಿಲ್ಲ. ಅನುಭಾವವು ಜನರ ಆಡುನುಡಿಯಲ್ಲಿಯೇ ಹೊರಹೊಮ್ಮಿತು. ತಿಳಿದವನು ತಿಳಿಯದವನ ನುಡಿಗೆ ಇಳಿದು ಬರುವುದು ಹೀನತೆಯಲ್ಲ, ಅದೇ ಗುರುತ್ವವು ಎಂದು ಶರಣರು ನಡೆದು ತೋರಿಸಿದರು. ದಾಸೋಹದ ಪಂಕ್ತಿಯಲ್ಲಿ ಹಸಿದವನನ್ನು ಏಕೆ ಹಸಿದೆಯೆಂದು ಕೇಳುವ ಪದ್ಧತಿಯಿಲ್ಲ. ವಿದ್ಯೆಯ ಹಸಿವಿಗೂ ಅದೇ ನಿಯಮವು ಸಲ್ಲಬೇಕು.

ಹೀಗಿರಲು ಭಕ್ತಜನರ ಪಾಲೇನು? ಅದು ದೊಡ್ಡ ಧನದ ಮಾತಲ್ಲ. ಮಠಗಳ ಪ್ರಸಾದನಿಲಯಗಳಲ್ಲಿ ಅನ್ನವೂ ಆಸರೆಯೂ ಈಗಾಗಲೇ ದೊರೆಯುವುವು; ಅದೇ ಮಾಡಿನ ಕೆಳಗೆ ಬೆಳಿಗ್ಗೆ ಒಂದು ತಾಸಿನ ಪಾಠಕ್ಕೆ ಒಂದು ಕೋಣೆ, ಒಂದು ಕರಿಹಲಗೆ, ಕೆಲವು ನಿಘಂಟುಗಳು ಸಾಕು. ನಿವೃತ್ತರಾದ ಶಿಕ್ಷಕರು ಪ್ರತಿಯೊಂದು ಊರಿನಲ್ಲಿಯೂ ಇರುವರು. ವಾಡಿಯ ರೈಲ್ವೆ, ಸಿಮೆಂಟು ಕಾರ್ಖಾನೆಗಳಲ್ಲಿ ದುಡಿದ ಲೆಕ್ಕಬಲ್ಲವರೂ ಇಂಜಿನಿಯರರೂ ಇರುವರು. ವಾರಕ್ಕೆ ಎರಡು ತಾಸುಗಳನ್ನು ಕೊಡುವುದು ಅವರಿಗೆ ಭಾರವಾಗದು. ಅದೇ ಅವರ ಕಾಯಕವು. ಎರಡನೆಯ ವರ್ಷದ ವಿದ್ಯಾರ್ಥಿಗಳು ಹೊಸಬರಿಗೆ ಹೇಳಿಕೊಟ್ಟರೆ ಇಬ್ಬರಿಗೂ ಲಾಭವು. ನಿನ್ನೆ ತಾನು ಎಡವಿದ ಕಲ್ಲನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ತಾಯಿತಂದೆಗಳ ಪಾಲು ಇನ್ನೂ ಸುಲಭವು: ಮೊದಲನೆಯ ಪರೀಕ್ಷೆಯಲ್ಲಿ ಮಗಳು ಹಿಂದೆ ಬಿದ್ದಳೆಂದು ಓದನ್ನು ಬಿಡಿಸದೆ ಒಂದು ವರ್ಷ ತಾಳತಕ್ಕದ್ದು. ಈ ಪಾಠವು ಜಾತಿಮತಗಳ ಭೇದವಿಲ್ಲದೆ, ತಾಂಡಾದ ಮಗುವಿಗೂ ಖಣಿಯ ಮಗುವಿಗೂ ಮಠದ ಶಿಷ್ಯನ ಮಗುವಿಗೂ ಒಂದೇ ಚಾಪೆಯ ಮೇಲೆ ನಡೆಯಬೇಕೆಂದು ಬೇರೆ ಹೇಳಬೇಕಾದುದಿಲ್ಲ.

ನಾಗಾವಿಯ ಘಟಿಕಾಸ್ಥಾನದ ಕಂಬಗಳು ಇಂದು ಬರಿಯ ಕಲ್ಲಾಗಿ ನಿಂತಿರುವುವು. ಆ ಕಲ್ಲುಗಳ ಸಮೀಪದ ಹಳ್ಳಿಯಿಂದ ಹೊರಟ ಒಂದು ಮಗುವು ಕಾಲೇಜಿನ ಕೊನೆಯ ಬೆಂಚಿನಲ್ಲಿ ಅರ್ಥವಾಗದ ಪುಸ್ತಕವನ್ನು ಹಿಡಿದು ಕುಳಿತಿರುವುದು. ಅದರ ಬಳಿಗೆ ಹೋಗಿ, ಅದು ಬಲ್ಲ ಮಾತಿನಲ್ಲಿ, ಅದಕ್ಕೆ ತಪ್ಪಿಹೋದ ಪಾಠದಿಂದ ಮೊದಲು ಮಾಡುವವನೇ ಆ ಘಟಿಕೆಯನ್ನು ಮತ್ತೆ ಕಟ್ಟುವವನು. ಶ್ರೀಮಠದ ಈ ಮಹೋತ್ಸವವು ಅಂಥ ಒಂದೊಂದು ತರಗತಿಯು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಆರಂಭವಾಗುವುದಕ್ಕೆ ನಿಮಿತ್ತವಾಗಲಿ. ಪರಶಿವನು ಭಕ್ತರೆಲ್ಲರಿಗೂ ಆ ಸದ್ಬುದ್ಧಿಯನ್ನು ಕರುಣಿಸಲಿ.