ಕುವೆಂಪು ಅವರನ್ನು ಕನ್ನಡಕ್ಕೆ ತಿರುಗಿಸಿದ ಐರಿಷ್ ಗೃಹಸ್ಥ

(ಹೊಸಪೇಟೆಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ನಮ್ಮ ಭಾಗಕ್ಕೆ ಬಿಳಿಯರು ಹೊಸಬರೇನಲ್ಲ. 1799ರಲ್ಲಿ ಹಂಪಿಯ ನಕ್ಷೆ ಮಾಡಿಸಿದ ಕಾಲಿನ್ ಮೆಕೆಂಜಿ, 1856ರಲ್ಲಿ ಅಲ್ಲಿನ ಗುಡಿಗೋಪುರಗಳ ಛಾಯಾಚಿತ್ರ ತೆಗೆದ ಗ್ರೀನ್‌ಲಾ, 1900ರಲ್ಲಿ ವಿಜಯನಗರದ ಚರಿತ್ರೆ ಪ್ರಕಟಿಸಿದ ರಾಬರ್ಟ್ ಸೂಯೆಲ್ ನಿಮಗೆ ಗೊತ್ತು. ಬಳ್ಳಾರಿಯ ಬಿಸಿಲು ತಾಳದೆ ಸಂಡೂರಿನ ರಾಮನದುರ್ಗದ ಮೇಲೆ ಬಂಗಲೆ ಕಟ್ಟಿಕೊಂಡ ದಂಡಿನವರೂ ಇದ್ದರು. ಇವರೆಲ್ಲ ಆಳುವವರ ನೌಕರಿಯ ಮೇಲೆ ಬಂದವರು. ಇವತ್ತು ನಾನು ಹೇಳಹೊರಟಿರುವುದು ಆ ಸಾಲಿಗೆ ಸೇರದ ಒಬ್ಬರ ಬಗ್ಗೆ.

ಅವರ ಹೆಸರು ಜೇಮ್ಸ್ ಹೆನ್ರಿ ಕಸಿನ್ಸ್. ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ 1873ರಲ್ಲಿ ಹುಟ್ಟಿದವರು. 1956ರಲ್ಲಿ ಮದನಪಲ್ಲಿಯಲ್ಲಿ ತೀರಿಕೊಂಡವರು. ಮದನಪಲ್ಲಿ ಎಂದರೆ ಯಾವುದೋ ದೂರದ ಊರು ಎಂದುಕೊಳ್ಳಬೇಡಿ. ನಿಜಾಮ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ನಮ್ಮ ಬಳ್ಳಾರಿಯೂ ಇತ್ತು, ಆ ಊರೂ ಇತ್ತು. ಹೊಸಪೇಟೆ, ಕಂಪ್ಲಿಯ ನಮ್ಮ ಅಜ್ಜಂದಿರೂ ಕಸಿನ್ಸರೂ ಬಹುಕಾಲ ಒಂದೇ ಮದರಾಸು ಪ್ರಾಂತ್ಯದ ನಿವಾಸಿಗಳು.

ಕನ್ನಡಿಗರಿಗೆ ಈ ಹೆಸರು ಒಂದೇ ಒಂದು ಕಾರಣಕ್ಕೆ ಗೊತ್ತು. 1924ರಲ್ಲಿ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ಹೈಸ್ಕೂಲು ವಿದ್ಯಾರ್ಥಿಯೊಬ್ಬ ತಾನು ಬರೆದ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಹೋದ. ಆ ಹುಡುಗನೇ ಕುಪ್ಪಳಿಯ ಪುಟ್ಟಪ್ಪ. ಅಷ್ಟರಲ್ಲಾಗಲೇ 'ಬಿಗಿನರ್ಸ್ ಮ್ಯೂಸ್' ಎಂಬ ಇಂಗ್ಲಿಷ್ ಕವನಗಳ ಪುಸ್ತಿಕೆ ಅಚ್ಚಾಗಿತ್ತು. ಹೊಗಳಿಕೆಯ ನಿರೀಕ್ಷೆ ಇದ್ದೇ ಇರುತ್ತದೆ. ಆದರೆ ಕಸಿನ್ಸ್ ಕೇಳಿದ್ದು, ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಎಂದು. ಕನ್ನಡಕ್ಕೆ ಅಂಥ ದೊಡ್ಡ ಭಾವಗಳನ್ನೂ ಹೊಸ ಛಂದಸ್ಸನ್ನೂ ಹೊರುವ ಶಕ್ತಿಯಿಲ್ಲ ಎಂದು ಹುಡುಗ ವಾದಿಸಿದ. ಯಾವ ಭಾಷೆಯೂ ದುರ್ಬಲವಲ್ಲ, ಸಮರ್ಥನು ಬಂದರೆ ಹೊಸ ಛಂದಸ್ಸು ತಾನೇ ಹುಟ್ಟುತ್ತದೆ ಎಂಬುದು ಹಿರಿಯರ ಉತ್ತರ. ಬಂಗಾಳಿಯಲ್ಲಿ ಬರೆದ ಟಾಗೋರರ ಉದಾಹರಣೆಯನ್ನೂ ಕೊಟ್ಟರು. ಈ ಪ್ರಸಂಗವನ್ನು ಕುವೆಂಪು ತಮ್ಮ ಆತ್ಮಕಥೆ 'ನೆನಪಿನ ದೋಣಿಯಲ್ಲಿ' ಹೇಳಿದ್ದಾರೆ. ಮುಂದಿನದು ನಿಮಗೆ ಗೊತ್ತು. 1949ರಲ್ಲಿ 'ಶ್ರೀ ರಾಮಾಯಣ ದರ್ಶನಂ' ಬಂತು. ಕನ್ನಡ ಹೊರಲಾರದು ಎಂದಿದ್ದ ಹುಡುಗ ಅದಕ್ಕಾಗಿ ಹೊಸ ಛಂದಸ್ಸನ್ನೇ ಕಟ್ಟಿಕೊಂಡಿದ್ದರು.

ನಾವು ಇಲ್ಲಿಗೇ ನಿಲ್ಲಿಸಿಬಿಡುತ್ತೇವೆ. ದಾರಿಯಲ್ಲಿ ಸಿಕ್ಕ ಪುಣ್ಯಾತ್ಮನೊಬ್ಬ ಒಳ್ಳೆಯ ಮಾತು ಹೇಳಿ ಹೋದ ಎಂಬಂತೆ. ನನ್ನ ಪ್ರಕಾರ ಅದು ಅತಿಥಿಯೊಬ್ಬರ ಉಪಚಾರದ ಮಾತಾಗಿರಲಿಲ್ಲ. ಅದಕ್ಕೆ ಅವರು ಬೆಲೆ ತೆತ್ತಿದ್ದರು.

ಕಸಿನ್ಸ್ ಶ್ರೀಮಂತರ ಮಗನಲ್ಲ. ಹೆಚ್ಚಿನದೆಲ್ಲ ತಾವೇ ಓದಿ ಕಲಿತದ್ದು. ಗುಮಾಸ್ತಗಿರಿ ಮಾಡಿದರು, ಬೆಲ್‌ಫಾಸ್ಟ್ ಮೇಯರರ ಭಾಷಣಗಳನ್ನು ಬರೆದುಕೊಟ್ಟರು. 1897ರಲ್ಲಿ ಡಬ್ಲಿನ್ನಿಗೆ ಹೋದರು. ಆಗ ಐರ್ಲೆಂಡಿನಲ್ಲಿ ಇಂಗ್ಲಿಷ್ ಆಳ್ವಿಕೆಯ ಅಡಿ ಸ್ವಂತ ಗೇಲಿಕ್ ಭಾಷೆ ಬಹುಪಾಲು ಜನರ ಬಾಯಿಂದ ಮರೆಯಾಗಿತ್ತು. ಕಳೆದುದನ್ನು ಹುಡುಕುವ ಸಾಹಿತ್ಯ ಚಳವಳಿ ಬಿರುಸಾಗಿತ್ತು. ಕಸಿನ್ಸ್ ಅದರಲ್ಲಿ ಧುಮುಕಿದರು. ನಾಟಕ ಬರೆದರು, ಯೇಟ್ಸರ ನಾಟಕದಲ್ಲಿ ಪಾತ್ರವನ್ನೂ ಮಾಡಿದರು. ಯೇಟ್ಸರಿಗೆ ಇವರ ಬರವಣಿಗೆ ಹಿಡಿಸಲಿಲ್ಲ. ನಿಜ ಹೇಳಬೇಕೆಂದರೆ ಕಸಿನ್ಸ್ ದೊಡ್ಡ ಕವಿಯೂ ಅಲ್ಲ. ಬರೆದದ್ದೆಲ್ಲ ಇಂಗ್ಲಿಷಿನಲ್ಲೇ. ತಾಯ್ನುಡಿಯಲ್ಲಿ ಬರೆ ಎಂದು ಪರರಿಗೆ ಹೇಳಿದವರು ಇಂಗ್ಲಿಷಿನಲ್ಲಿ ಬರೆದರಲ್ಲ ಎಂದು ನೀವು ಕೇಳಬಹುದು. ಅವರ ಮನೆಮಾತೇ ಇಂಗ್ಲಿಷ್. ಒಂದು ನಾಡು ತನ್ನ ಮಾತನ್ನು ಕಳೆದುಕೊಂಡ ಮೇಲೆ ಏನಾಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

1903ರಲ್ಲಿ ಸಂಗೀತ ಪದವೀಧರೆ ಮಾರ್ಗರೆಟ್ ಗಿಲೆಸ್ಪಿಯವರನ್ನು ಮದುವೆಯಾದರು. ಈ ದಾಂಪತ್ಯವನ್ನು ಬಿಟ್ಟು ಕಸಿನ್ಸರನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ. 1908ರಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ಡಬ್ಲಿನ್ನಿನಲ್ಲಿ ಸಂಘ ಕಟ್ಟಿದಾಗ ಸ್ಥಾಪಕರಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರು. ಆ ಹೋರಾಟದಲ್ಲಿ ಮಾರ್ಗರೆಟ್ ಎರಡು ಸಲ ಜೈಲಿಗೆ ಹೋದರು. ಹೆಂಡತಿ ಜೈಲಿಗೆ ಹೋದರೆ ಗಂಡ ತಲೆತಗ್ಗಿಸುತ್ತಿದ್ದ ಕಾಲ ಅದು. ಇವರು ಹೆಮ್ಮೆಪಟ್ಟರು.

ಆನಿ ಬೆಸೆಂಟರು ಕರೆದದ್ದಕ್ಕೆ 1915ರಲ್ಲಿ ಇಬ್ಬರೂ ಭಾರತಕ್ಕೆ ಬಂದರು. ಕಸಿನ್ಸ್ ಮದರಾಸಿನ 'ನ್ಯೂ ಇಂಡಿಯಾ' ಪತ್ರಿಕೆಯಲ್ಲಿ ಉಪಸಂಪಾದಕರಾದರು. ನಮ್ಮ ವೃತ್ತಿಬಂಧುವೇ! 1916ರಲ್ಲಿ ಡಬ್ಲಿನ್ನಿನಲ್ಲಿ ಈಸ್ಟರ್ ದಂಗೆ ನಡೆದಾಗ ದಂಗೆಕೋರರನ್ನು ಮೆಚ್ಚಿ ಬರೆದರು. ಕೆಲಸ ಹೋಯಿತು. ಹಾಗೆ ಮದನಪಲ್ಲಿಯ ಥಿಯಾಸಾಫಿಕಲ್ ಕಾಲೇಜಿಗೆ ಮೇಷ್ಟರಾಗಿ ಹೋದರು, ಮುಂದೆ ಪ್ರಾಂಶುಪಾಲರಾದರು. 1919ರ ಫೆಬ್ರವರಿಯಲ್ಲಿ ಟಾಗೋರರು ಅವರ ಅತಿಥಿಯಾಗಿ ಅಲ್ಲಿಗೆ ಬಂದು 'ಜನಗಣಮನ' ಹಾಡಿದರು. ಅದರ ರಾಗವನ್ನು ಸ್ವರಲಿಪಿಯಲ್ಲಿ ಬರೆದಿಟ್ಟುಕೊಂಡವರು ಮಾರ್ಗರೆಟ್. ಅದೇ ಊರಿನಲ್ಲಿ ಟಾಗೋರರು ಹಾಡನ್ನು ಇಂಗ್ಲಿಷಿಗೂ ತಂದರು.

ಮೈಸೂರಿಗೂ ಕಸಿನ್ಸರ ಋಣವಿದೆ. ಜಗನ್ಮೋಹನ ಅರಮನೆಯ ಚಿತ್ರಶಾಲೆ 1924ರಲ್ಲಿ ರೂಪುಗೊಂಡದ್ದು ಅವರ ಕೈಯಲ್ಲಿ. ಭಾರತೀಯ ಚಿತ್ರಕಲೆಯನ್ನು ಜನ ಬಂದು ನೋಡುವಂತಾಗಬೇಕು ಎಂಬುದು ಅವರ ಹಟ. ಮಾರ್ಗರೆಟ್ ಕೂಡ ಸುಮ್ಮನಿರಲಿಲ್ಲ. 1927ರಲ್ಲಿ ಪುಣೆಯಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಹಿಂದೆ ಅವರ ದುಡಿಮೆಯಿತ್ತು. 1932ರಲ್ಲಿ ಸರ್ಕಾರದ ಸುಗ್ರೀವಾಜ್ಞೆಗಳನ್ನು ವಿರೋಧಿಸಿ ಮಾತಾಡಿದ್ದಕ್ಕೆ ಮತ್ತೆ ಸೆರೆಮನೆ, ಈ ಸಲ ವೆಲ್ಲೂರಿನದು. ಕಸಿನ್ಸ್ 1937ರಲ್ಲಿ ಹಿಂದೂ ಧರ್ಮಕ್ಕೆ ಸೇರಿ ಜಯರಾಮ ಎಂಬ ಹೆಸರನ್ನೂ ಇಟ್ಟುಕೊಂಡರು.

ಅವರಿಗೆ ಮಕ್ಕಳಿರಲಿಲ್ಲ. ಸಂಸಾರವೆಂದರೆ ಇಬ್ಬರೇ. 1940ರ ದಶಕದಲ್ಲಿ ಮಾರ್ಗರೆಟ್ ಪಾರ್ಶ್ವವಾಯುವಿಗೆ ತುತ್ತಾದರು. ಮೂವತ್ತು ವರ್ಷ ಊರೂರು ಸುತ್ತಿದ ಹೆಂಗಸು ಹಾಸಿಗೆ ಹಿಡಿದರು. 1950ರಲ್ಲಿ ಇಬ್ಬರ ಹೆಸರಿನಲ್ಲಿ ಒಂದು ಆತ್ಮಕಥೆ ಮದರಾಸಿನಿಂದ ಹೊರಬಂತು. ಹೆಸರು 'ವಿ ಟೂ ಟುಗೆದರ್'. ಎಂದರೆ ನಾವಿಬ್ಬರು ಜೊತೆಯಲ್ಲಿ. ಎಷ್ಟೋ ಆತ್ಮಕಥೆಗಳಲ್ಲಿ ಹೆಂಡತಿ ಒಂದು ಸಾಲಿನಲ್ಲಿ ಬಂದು ಹೋಗುತ್ತಾಳೆ. ಇಲ್ಲಿ ಅರ್ಧ ಪುಸ್ತಕ ಆಕೆಯದು.

1953ರ ಅಕ್ಟೋಬರ್ 1ರಂದು ಹೊಸಪೇಟೆ ಮೈಸೂರು ರಾಜ್ಯಕ್ಕೆ ಬಂತು, ಮದನಪಲ್ಲಿ ಹೊಸ ಆಂಧ್ರ ರಾಜ್ಯಕ್ಕೆ ಹೋಯಿತು. ಗೆರೆ ಎಳೆದದ್ದು ಭಾಷೆಯ ಆಧಾರದ ಮೇಲೆ. ಮರುವರ್ಷ ಮಾರ್ಚ್‌ನಲ್ಲಿ ಮಾರ್ಗರೆಟ್ ಹೋದರು. 1955ರಲ್ಲಿ 'ಶ್ರೀ ರಾಮಾಯಣ ದರ್ಶನಂ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. 1956ರ ಫೆಬ್ರವರಿ 20ರಂದು ಕಸಿನ್ಸ್ ಕಣ್ಣುಮುಚ್ಚಿದರು.

ಹಂಪಿಗೆ ಹೋದಾಗಲೆಲ್ಲ ನಾವು ಕನ್ನಡ ವಿಶ್ವವಿದ್ಯಾಲಯವನ್ನು ನೋಡಿ ಬರುತ್ತೇವೆ. ರಜೆ ಸಿಕ್ಕಾಗ ಇನ್ನೊಂದು ಕಡೆಗೂ ಹೋಗಿಬನ್ನಿ. ಬಳ್ಳಾರಿಯಿಂದ ಅನಂತಪುರ, ಕದಿರಿ ದಾಟಿದರೆ ಮದನಪಲ್ಲಿ. ಕಸಿನ್ಸ್ ಪಾಠ ಹೇಳಿದ ಕಾಲೇಜು ಅಲ್ಲಿದೆ.